ತಾತನವರ ಮುಂದ ಬೀಳೋ ಶರಣಯ್ಯ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಶರಣಯ್ಯನಂಥ ಭಕ್ತ ಸುತ್ತಮುತ್ತ ಇಲ್ಲ ಅಂತ ಊರೆಲ್ಲ ಮಾತು. ಮಂದಿ ತಾತನವರು ಅನ್ನೋ ಮಠದ ಸ್ವಾಮಿಗಳು ಗಿರಣಿಗೆ ಬಂದರೆ ಸಾಕು, ಗಾದಿಯಿಂದ ದಿಗ್ಗನೆದ್ದು ಮರುಗಳಿಗೆ ಕಡಿದ ಬಾಳೆಗಿಡದಂಗ ಅವರ ಪಾದದ ಮುಂದ ಬೀಳುತ್ತಿದ್ದ. ಎಬ್ಬಿಸಾಕ ಇಬ್ಬರು ಹಮಾಲರು ಬೇಕು.

"ಏನ್ ಭಕ್ತೀರಿ! ಮೈಮ್ಯಾಲ ಖಬರ್ ಇರಂಗಿಲ್ಲ" ಅಂತ ನೋಡಿದವರು ಗಲ್ಲ ಬಡಕೊಳ್ಳೋರು.

ಹೆಂಡತಿ ಮಹಾಂತಮ್ಮಗ ಮಾತ್ರ ಅದರ ಮ್ಯಾಲ ಅನುಮಾನ. ಮನಿಯಾಗ ಬಚ್ಚಲದಿಂದ ಎದ್ದಾಗಲೂ ಗಂಡ ಹಿಂಗೇ ಬೀಳುತ್ತಿದ್ದ.

"ಬಚ್ಚಲಕ್ಕೂ ತಾತನವರು ಬಂದಿದ್ರೇನ್ರೀ?" ಅಂದರೆ ಸಿಡುಕುತ್ತಿದ್ದ.

ಸೊಂಟನೋವಿಗೆ ಅಂತ ದೇವದುರ್ಗದ ಒಂದು ಅಂಗಡಿಯಿಂದ ಚೀಟಿ ಇಲ್ಲದ ಗುಳಿಗಿ ತರಿಸಿ ನುಂಗುತ್ತಿದ್ದ. ಸೊಂಟ ನೆಟ್ಟಗಾದ ಮೇಲೂ ಬಿಡಲಿಲ್ಲ. ನುಂಗಿದರೆ ಕಣ್ಣಪಾಪಿ ಸಾಸಿವಿಕಾಳಿನಷ್ಟಾಗುತ್ತಿತ್ತು. ಆಮೇಲೆ ಎದ್ದರೆ ಬೀಳೋದೇ.

ಒಮ್ಮೆ ಬಿದ್ದಾಗ ತೂಕದ ಕಲ್ಲಿಗೆ ತಲಿ ಬಡಿದು ಒಡೆಯಿತು. ರಾಯಚೂರಿಗೆ ಒಯ್ದರು. ಡಾಕ್ಟರಮ್ಮ ಉಮಾಶ್ರೀ, ಮಹಾಂತಮ್ಮ ತೋರಿಸಿದ ಗುಳಿಗಿ ನೋಡಿ, ಮಲಗಿಸಿ ಬಿಪಿ ನೋಡಿದಳು, ಮತ್ತೆ ನಿಲ್ಲಿಸಿ ನೋಡಿದಳು.

"ಎದ್ದ ಕೂಡಲೇ ರಕ್ತ ಕಾಲಿಗಿಳೀತದ, ಯಪ್ಪಾ. ಆಗ ನರಗಳು ಸುದ್ದಿ ಮುಟ್ಟಿಸಿ ರಕ್ತನಾಳ ಬಿಗಿ ಮಾಡ್ತಾವ. ನಿಮ್ಮದು ಅಫೀಮಿನ ಜಾತಿ ಗುಳಿಗಿ. ಆ ಸುದ್ದೀನೇ ತಡೀತದ. ನಾಳ ಸಡಿಲಾತು, ಬಿಪಿ ಕುಸೀತು, ತಲಿಗೆ ರಕ್ತ ಇಲ್ಲ. ಇನ್ನೊಮ್ಮೆ ಹಿಂಗ ಬಿದ್ರ ಉಳಿಯಂಗಿಲ್ಲ. ಒಮ್ಮೆಲೇ ಬಿಡಬ್ಯಾಡ್ರಿ, ಬಿಪಿ ಏರಿ, ಬೆವತು ಒದ್ದಾಡ್ತೀರಿ. ನಾ ಹೇಳಿದಂಗ ಕಡಿಮಿ ಮಾಡ್ಕೋತ ಬರ್ರಿ."

"ಅಂದ್ರ ಅದು ಭಕ್ತಿ ಅಲ್ಲೇನ್ರೀ?" ಅಂದ ಆ ಮಬ್ಬ.

ಮಹಾಂತಮ್ಮ ಗುಳಿಗಿ ಸೆರಗಿನ ಗಂಟಿಗೆ ಕಟ್ಟಿಕೊಂಡು, ಡಾಕ್ಟರಮ್ಮ ಹೇಳಿದಂತೆಯೇ ಇಳಿಸಿ ಇಳಿಸಿ ಬಿಡಿಸಿದಳು. ಬೀಳೋದು ನಿಂತಿತು. ಆದರೆ ತಾತನವರು ಮತ್ತೆ ಬರೋ ದಿನ ಗಂಡ ಅಡಿಗಿಮನಿಗೆ ಬಂದು ಹಲ್ಲು ಗಿಂಜಿದ.

"ಒಂದೇ ಒಂದು ಕೊಡು. ಮಂದಿ ನೋಡಾಕ ಬಂದಾರ."

"ಸಾಯಾಕ ಮಂದಿ ಯಾಕ್ರೀ? ಉಳಿದದ್ದು ಒಲ್ಯಾಗ ಹಾಕೀನಿ. ಭಕ್ತಿ ಇದ್ರ ನೀವೇ ಬೀಳ್ರಿ."

ತಾತನವರು ಗಿರಣಿಗೆ ಬಂದರು. ಶರಣಯ್ಯ ಗಾದಿಯಿಂದ ಎದ್ದ. ನಿಂತೇ ಇದ್ದ. ನೆಲ ನೋಡಿದ, ಹೊಟ್ಟು ಬಿದ್ದಿತ್ತು. ಟವೆಲ್ ಹಾಸಿದ, ಧೋತರ ಎತ್ತಿಕೊಂಡ, ಒಂದೊಂದೇ ಮೊಣಕಾಲೂರಿ ಬಗ್ಗಿದ.

"ಭಕ್ತಿ ಇಳೀತು ನೋಡ್ಲೇ" ಅಂದ ಹಮಾಲ ಮೌನಪ್ಪ. ತಾತನವರೂ ಮೋರೆ ಆಚೆ ತಿರುಗಿಸಿದರು.

ಗಿರಣಿಗೆ ಹತ್ತಿದ ಮನಿ ಬಾಗಿಲಲ್ಲಿದ್ದ ಮಹಾಂತಮ್ಮ, ಗಂಡ ಯಾರ ಕೈಯೂ ಹಿಡಿಯದೆ ಎದ್ದು ನಿಲ್ಲೋತನಕ ನೋಡಿದಳು. ಆಮೇಲೆ ರೊಟ್ಟಿ ಬಡಿಯಾಕ ಒಳಗ ಹೋದಳು.