ಅರ್ಧ ಗೇಣು ಮೇಲೆದ್ದ ಜೀಪು

ನಮ್ಮ ಹೋಟೆಲಿನ ಹಳೆಯ ಜೀಪನ್ನು ಬೆಟ್ಟಗುಡ್ಡ ಹತ್ತುವ ಗಾಡಿ ಮಾಡಲು ರಾಯಪುರಂನ ಗ್ಯಾರೇಜಿನಲ್ಲಿ ಎಂಟು ಭಾನುವಾರ ಕಳೆದೆ. ಮುಂದೆ ಕಬ್ಬಿಣದ ಬಂಪರು, ಕೆಸರಿನಿಂದ ಎಳೆದುಕೊಳ್ಳಲು ವಿಂಚು, ನೆರೆನೀರಲ್ಲಿ ಎಂಜಿನ್ ಉಸಿರಾಡಲು ಬಾನೆಟ್ಟಿನ ಪಕ್ಕ ಉದ್ದದ ಕೊಳವೆ. ಕೊನೆಯ ಭಾನುವಾರ ಸ್ಪ್ರಿಂಗು, ಟೈರು ಬದಲಾಗಿ ಗಾಡಿ ಅರ್ಧ ಗೇಣು ಮೇಲೆದ್ದಿತು. ಎಲ್ಲವನ್ನೂ ಅಳೆದಿದ್ದೆ, ಅಪ್ಪನ ಮೊಣಕಾಲೊಂದನ್ನು ಬಿಟ್ಟು. ಬೆಟ್ಟ ಹತ್ತುವುದು ನನ್ನ ಕನಸಿನಲ್ಲಿ. ಜೀಪು ದಿನಾ ಹೋಗುವುದು ಕೋಯಂಬೇಡು ಮಾರ್ಕೆಟ್ಟಿಗೆ, ಅಪ್ಪನ ಜೊತೆ, ತರಕಾರಿಗೆ.

ಸೋಮವಾರ ಬೆಳಿಗ್ಗೆ ಅಪ್ಪ ಬಾಗಿಲು ಹಿಡಿದು ನಿಂತರು.

"ಇದು ಜೀಪಾ, ಅಟ್ಟವಾ ಮಾರಾಯ?"

"ಇನ್ನು ಮಳೆನೀರಿಗೆ ಹೆದರ್ಲಿಕ್ಕಿಲ್ಲ ಅಪ್ಪ. ಒಳಗೆ ನೀರು ಹೋಗುದಿಲ್ಲ."

"ನಾನೂ ಹೋಗುದಿಲ್ಲ ಹಾಗಾದ್ರೆ."

ಆದರೂ ಹೋದರು. ಬೆಂಡೆಯ ತುದಿ ಮುರಿದು ನೋಡುವ, ಕುಂಬಳಕಾಯಿ ತಟ್ಟಿ ಕೇಳುವ ಕೆಲಸವನ್ನು ಅವರು ಯಾರಿಗೂ ಬಿಟ್ಟವರಲ್ಲ. ಹಾಲಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು ಹತ್ತಿದರು. ಹತ್ತಿದ ಮೇಲೆ ಕ್ರೇಟು ಕೆಳಗೇ ಉಳಿಯಿತು. ಅದಕ್ಕೊಂದು ಹಗ್ಗ ಕಟ್ಟಿಕೊಂಡರು. ಕೂತು ಮೇಲೆಳೆದುಕೊಳ್ಳುವುದು, ಇಳಿಯುವಾಗ ಕೆಳಗೆ ಬಿಡುವುದು.

ಇಷ್ಟು ಸಿಕ್ಕರೆ ನಾನು ಬಿಡುತ್ತೇನೆಯೇ? ಅಡುಗೆಮನೆಯಲ್ಲಿ ಅಪ್ಪನಾಗಿ ಕ್ರೇಟು ಹತ್ತಿ ತೋರಿಸಿದೆ. ಅಡುಗೆಯವರ ನಗುವಿನಲ್ಲಿ ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ಮರುದಿನ ಅವರ ಜೊತೆ ನಾನೂ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಹಿಂದಿನ ದಿನ ಅಪ್ಪನನ್ನು ನೋಡಿದ್ದ ಮೂಟೆ ಹೊರುವವನೊಬ್ಬ ಅದೇ ಅಣಕು ಮಾಡುತ್ತಿದ್ದ: ಮೊಣಕಾಲಿಗೆ ಕೈ, "ಅಮ್ಮಾ" ಎಂಬ ನರಳಿಕೆ, ಬಾವಿಯಿಂದ ನೀರು ಸೇದುವಂತೆ ಕ್ರೇಟು ಸೇದುವುದು. ಒಪ್ಪಿಕೊಳ್ಳಲೇಬೇಕು, ನನಗಿಂತ ಚೆನ್ನಾಗಿ ಮಾಡಿದ. ಅಪ್ಪ ನೋಡಿದರು. ನನಗೆ ನಗು ಬರಲಿಲ್ಲ.

"ನಾಳೆಯಿಂದ ನೀನೇ ಹೋಗು," ಎಂದರು ದಾರಿಯಲ್ಲಿ.

ನಾಲ್ಕು ದಿನ ಹೋದೆ. ಎತ್ತರದ ಗಾಡಿಗೆ ಮೂಟೆ ಏರಿಸಿ ಏರಿಸಿ ಸೊಂಟ ಬಿತ್ತು. ನಾನು ತಂದ ಬೆಂಡೆಯನ್ನು ಅಪ್ಪ ಮುರಿಯಲು ನೋಡಿದರು, ಬಾಗಿತು, ಮುರಿಯಲಿಲ್ಲ. ಹಾಗೇ ಬುಟ್ಟಿಗೆ ಹಾಕಿದರು. ಬೈದಿದ್ದರೆ ಅದನ್ನಾದರೂ ಅಣಕಿಸಬಹುದಿತ್ತು.

ಐದನೆಯ ದಿನ ಮತ್ತೆ ರಾಯಪುರಂ. ಹಳೆಯ ಸ್ಪ್ರಿಂಗುಗಳು ಗ್ಯಾರೇಜಿನ ಮೂಲೆಯಲ್ಲಿ ಹಾಗೇ ಇದ್ದವು.

"ಎಸೀಲಿಲ್ವಾ ಅಣ್ಣಾ?" ಎಂದು ತಮಿಳಿನಲ್ಲಿ ಕೇಳಿದೆ.

"ವಾಪಸ್ ಬರ್ತೀಯ ಅಂತ ಗೊತ್ತಿತ್ತು ತಂಬಿ," ಎಂದ ಮೆಕ್ಯಾನಿಕ್, ಬೋಲ್ಟು ಸಡಿಲಿಸುತ್ತಲೇ. ಇಡೀ ದಿನ ಅವನ ಜೊತೆ ಗಾಡಿಯ ಕೆಳಗೆ ಮಲಗಿ ಸ್ಪ್ರಿಂಗು, ಟೈರು ಮೊದಲಿನಂತೆ ಮಾಡಿದೆ. ಕೊಳವೆ ಮಾತ್ರ ಆನೆ ಸೊಂಡಿಲಿನ ಹಾಗೆ ಉಳಿಯಿತು.

ಮರುದಿನ ಬೆಳಿಗ್ಗೆ ಅಪ್ಪ ಕ್ರೇಟು ಹಿಡಿದೇ ಬಂದರು. ಗಾಡಿ ನೋಡಿದರು. ಕ್ರೇಟನ್ನು ಗೋಡೆಗೆ ಒರಗಿಸಿ, ಬಾಗಿಲ ಕಂಬಿ ಹಿಡಿದು ಹತ್ತಿ ಕೂತರು. ನಾನು ಗಾಡಿ ಹೊರಡಿಸಿದೆ.

"ಅಡುಗೆಮನೇಲಿ ನನ್ನ ಅಣಕು ಮಾಡ್ತೀಯಂತಲ್ಲ," ಎಂದರು ಸಿಗ್ನಲ್ಲಿನಲ್ಲಿ. "ಮಾಡು, ನೋಡುವ."

"ಇನ್ನೊಂದು ದಿನ ಅಪ್ಪ. ಸೊಂಟ ಬಗ್ಗುದಿಲ್ಲ."

"ಹಾಗಾದ್ರೆ ಈಗ ಸರಿಯಾಗಿ ಬರ್ತದೆ," ಎಂದರು ಅಪ್ಪ.