ಹಿತ್ತಲ ಬಾಗಿಲ ಹೂವಿನಾಕೆ

ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಹೂ ತರುತ್ತಿದ್ದಾಕೆ ಯಾವತ್ತೂ ಹಿತ್ತಲ ಬಾಗಿಲಿಂದಲೇ ಬಂದು ಅದರಲ್ಲೇ ಹೋಗುತ್ತಿದ್ದಳು. ಮಲ್ಲಿಗೆಯನ್ನು ಮೊಳ ಹಾಕಿ, ಮೇಲೊಂದು ಗೇಣು ಬಿಟ್ಟು ಕತ್ತರಿಸುವಳು. "ಎದುರು ಬಾಗಿಲಿಂದ ಬಾ ಮಾರಾಯ್ತಿ, ನೀನೆಂತ ಹೊರಗಿನವಳಾ?" ಎಂದು ಅಮ್ಮ ಗದರಿದರೆ, ನಮ್ಮಿಂದ ಕಲಿತ, ತಮಿಳು ಬೆರೆತ ಕನ್ನಡದಲ್ಲಿ, "ಇರಲಿ ಅಮ್ಮಾ, ತಿರುಗಾ ಬರಬೇಕಲ್ವಾ?" ಎನ್ನುವಳು. ಅದೆಂಥ ಉತ್ತರವೋ ನಮಗೆ ತಿಳಿಯುತ್ತಿರಲಿಲ್ಲ.

ಆಕೆ ಬೆಳೆದದ್ದು ಕಡಲತೀರದ ಹಳೇ ಬಂಗಲೆಯಲ್ಲಿ; ಆಗ ಅದು ಅನಾಥ ಹುಡುಗಿಯರ ಆಶ್ರಮ. ಈಚೆಗೆ ಅದನ್ನು ರಿಪೇರಿ ಮಾಡಿ ಜನರಿಗೆ ನೋಡಲು ಬಿಟ್ಟಾಗ ನಾನೇ ಕರೆದುಕೊಂಡು ಹೋದೆ. ಮುಂಬಾಗಿಲ ಎದುರು ಆಕೆ ನಿಂತುಬಿಟ್ಟಳು.

"ಈ ವಾಸಲು ಮದುವೆಯಾಗಿ ಹೋಗೋ ಹುಡುಗೀರಿಗೆ ಮಾತ್ರ, ಕಣ್ಣಮ್ಮಾ. ಇದರಲ್ಲಿ ಹೋದವರು ತಿರುಗಾ ಬರೋ ಹಾಗಿಲ್ಲ. ಆಶ್ರಮ ಮುಚ್ಚಿದ ದಿನ ನಾವೆಲ್ಲ ಹಿಂದಿನ ಬಾಗಿಲಿಂದಲೇ ಹೊರಟ್ವಿ."

ಸುತ್ತಿಕೊಂಡು ಹಿಂದಕ್ಕೆ ಹೋದೆವು. ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದಿದ್ದರು. ಆಕೆ ಗೋಡೆಯನ್ನು ಸವರಿ, ನನ್ನ ಜೊತೆ ಮನೆಗೆ ಬಂದಳು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ನಮ್ಮ ಮುಂಬಾಗಿಲಿಂದ ಇಳಿದು ಹೋದಳು.

"ಅಂತೂ ನಮ್ಮವಳೇ ಆದ್ಲಲ್ಲ!" ಎಂದು ಅಮ್ಮ ಹಿಗ್ಗಿದಳು. ಕೂಗಿ ಕರೆಯಲೋ ಬೇಡವೋ ತಿಳಿಯದೆ ನಾನು ಹೊಸ್ತಿಲಲ್ಲೇ ನಿಂತಿದ್ದೆ.