ನನ್ನ ನೆದರು, ತಮ್ಮನ ತಂಬಾಕು

ನನ್ನ ಕಣ್ಣಿಗೆ ಇಂಥ ಶಕ್ತಿ ಇದೆಯೆಂದು ನಲವತ್ತೆರಡು ವರ್ಷ ನನಗೇ ಗೊತ್ತಿರಲಿಲ್ಲ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಲು ಎರಡು ಸಲ ಕಣ್ಣುಜ್ಜಿಕೊಳ್ಳುವವಳು ನಾನು. ಅಂಥ ಕಣ್ಣು ಹಳ್ಳಿಗೆ ಹೋದ ಕೂಡಲೇ ಗಟ್ಟಿಮುಟ್ಟಾದ ಹುಡುಗಿಯೊಬ್ಬಳನ್ನು ಹಾಸಿಗೆ ಹಿಡಿಸುತ್ತದೆ ಎಂದರೆ ಯಾರು ನಂಬುತ್ತಾರೆ? ನಮ್ಮ ಮನೆಯವರೆಲ್ಲ ನಂಬಿದರು.

ಹುಡುಗಿ ನನ್ನ ತಮ್ಮನ ಮಗಳು. ಹನ್ನೊಂದು ವರ್ಷ. ತಿಕೋಟಾ ದಾಟಿ ಬಬಲೇಶ್ವರದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ನಮ್ಮ ತವರುಮನೆ. ಸುತ್ತಲೂ ಎಲ್ಲರದು ದ್ರಾಕ್ಷಿ. ನನ್ನ ತಮ್ಮ ಮಾತ್ರ ಅಥಣಿಯಾಚೆಯ ಹೆಣ್ಣನ್ನು ಮದುವೆಯಾಗಿ, ಮಾವನ ಮನೆಯಿಂದ ಹೆಂಡತಿಯ ಜೊತೆಗೆ ಬೀಡಿ ತಂಬಾಕಿನ ಹುಚ್ಚನ್ನೂ ಕರೆದುಕೊಂಡು ಬಂದ. ಎರಡು ಎಕರೆ ಹಚ್ಚಿದ. ಬೆಳೆ ಚೆನ್ನಾಗಿಯೇ ಬಂತು, ಅದರಲ್ಲಿ ಮೋಸವಿಲ್ಲ.

ತಂಬಾಕಿನ ಗಿಡದ ನೆತ್ತಿಯ ಕುಡಿ ಮುರಿದರೆ ಎಲೆ ದಪ್ಪವಾಗುತ್ತದೆ. ಆದರೆ ಗಿಡ ಸುಮ್ಮನಿರುವುದಿಲ್ಲ, ಎಲೆಯ ಬಗಲಲ್ಲೆಲ್ಲ ಹೊಸ ಕುಡಿ ಒಡೆಯುತ್ತದೆ. ಅವನ್ನು ವಾರ ವಾರ ಚಿವುಟುತ್ತಲೇ ಇರಬೇಕು. ಬಿಸಿಲೇರಿದರೆ ಕುಡಿ ಬಾಡಿ ಮುರಿಯುವುದಿಲ್ಲವಾದ್ದರಿಂದ, ಇಬ್ಬನಿ ಇನ್ನೂ ಎಲೆಯ ಮೇಲಿರುವಾಗಲೇ ಕೆಲಸ ಮುಗಿಸಬೇಕು. ಈ ಕೆಲಸಕ್ಕೆ ಮಕ್ಕಳೇ ಲೇಸು ಎಂದು ನನ್ನ ತಮ್ಮ ಕಂಡುಕೊಂಡಿದ್ದ.

"ದೊಡ್ಡವರಾದ್ರ ಬಗ್ಗಬೇಕಕ್ಕಾ, ನಡಾ ಹಿಡೀತೈತಿ. ಹುಡುಗರಿಗೆ ಆ ತ್ರಾಸ ಇಲ್ಲ ನೋಡು, ನಿಂತಲ್ಲೇ ಕೈಗೆ ಸಿಗತೈತಿ," ಎಂದು ವಿವರಿಸಿದ. ದೇವರು ಮಕ್ಕಳ ಎತ್ತರವನ್ನು ತಂಬಾಕಿನ ಅಳತೆ ನೋಡಿಯೇ ಮಾಡಿದ್ದಾನೆ ಎನ್ನುವ ಧಾಟಿ.

ನನ್ನ ತಮ್ಮ ಕಾನೂನು ಬಲ್ಲವನು ಬೇರೆ. "ಸಾಲಿ ಒಂದಿನಾ ತಪ್ಪಸಂಗಿಲ್ಲ ನಾ. ಸೂಟಿ ಇದ್ದಾಗಷ್ಟ ಹೊಲಕ್ಕ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಹೀಗಾಗಿ ರಜೆಯ ದಿನ ಊರಿನ ಉಳಿದ ಮಕ್ಕಳು ಆಡುವಾಗ ಇವಳು ತಂಬಾಕಿನ ಸಾಲಿನಲ್ಲಿರುತ್ತಿದ್ದಳು. ಮನೆಯಲ್ಲಿ ಯಾರಿಗೂ ಇದು ಕೆಲಸ ಅನ್ನಿಸಿರಲಿಲ್ಲ. ಅಪ್ಪನಿಗೆ ಕೈಜೋಡಿಸುವುದಕ್ಕೆ ಕೆಲಸ ಅನ್ನುತ್ತಾರೆಯೇ?

ನಾನೂ ತವರಿಗೆ ಹೋಗುತ್ತಿದ್ದುದು ರಜೆಯಲ್ಲೇ. ಶನಿವಾರ ಸಂಜೆ ಮಷೀನಿಗೆ ಬಟ್ಟೆ ಹೊದಿಸಿ ಬಸ್ಸು ಹತ್ತುತ್ತಿದ್ದೆ. ನನಗೆ ಮಕ್ಕಳಿಲ್ಲ. ಆ ಹುಡುಗಿಯೆಂದರೆ ನನಗೆ ಜೀವ, ಅದನ್ನು ಮುಚ್ಚಿಡುವ ಬುದ್ಧಿಯೂ ನನಗಿಲ್ಲ. ದಸರೆಯಲ್ಲಿ ಹೋದಾಗ ಅವಳ ಗಲ್ಲ ಹಿಡಿದು, "ಎಷ್ಟು ಚಂದ ಬೆಳದಿ ಬೇ! ಗುಂಡ ಗುಂಡಗ ಆಗಿ," ಎಂದುಬಿಟ್ಟೆ.

ಮರುದಿನ ಒಂಬತ್ತರ ಹೊತ್ತಿಗೆ ಹುಡುಗಿ ಹೊಲದಿಂದ ಬಂದು ಹಿತ್ತಲಲ್ಲಿ ಕೂತು ವಾಂತಿ ಮಾಡಿದಳು. ಮುಖ ಬಿಳುಚಿತ್ತು. "ತಲಿ ಗರಗರ ತಿರಗಾಕತ್ತೈತಿ ಆಯಿ," ಎಂದು ಅಜ್ಜಿಯ ತೊಡೆಯ ಮೇಲೆ ಬಿದ್ದುಕೊಂಡಳು. ನಮ್ಮವ್ವ ನನ್ನ ಕಡೆ ಒಂದು ಸಲ ನೋಡಿ, "ನೆದರ ಆಗೇತಿ," ಎಂದಳು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ದೃಷ್ಟಿ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ನೆದರು ಜೋರು ಎಂದು ಲೆಕ್ಕ. ಆ ವರ್ಷ ಮನೆಗೆ ತಂದಿದ್ದುದು ಬಣ್ಣಕ್ಕೆ ಹೆಸರಾದ, ಖಾರವೇ ಇಲ್ಲದ ಬ್ಯಾಡಗಿ ಎಂಬುದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಸಂಜೆಗೆ ಹುಡುಗಿ ಎದ್ದು ರೊಟ್ಟಿ ತಿಂದಳು. ಕೀರ್ತಿಯೆಲ್ಲ ನಮ್ಮವ್ವನಿಗೆ ಹೋಯಿತು, ಅಪಕೀರ್ತಿ ನನಗೆ ಬಂತು.

ದೀಪಾವಳಿಗೆ ಹೋದೆ, ಅದೇ ಆಯಿತು. ಆಮೇಲೆ ಎರಡು ರವಿವಾರ ಹೋದೆ, ಎರಡೂ ಸಲ ಅದೇ. ನಾನು ಬರುವುದು ರಜೆಗೆ, ಹುಡುಗಿ ಬೀಳುವುದು ರಜೆಗೆ, ಇನ್ನೇನು ಸಾಕ್ಷಿ ಬೇಕು? ರಜೆಯಲ್ಲಿ ಹುಡುಗಿ ಮತ್ತೆಲ್ಲಿಗೆ ಹೋಗಿರುತ್ತಾಳೆ ಎಂಬ ಪ್ರಶ್ನೆ ಯಾರ ತಲೆಗೂ ಬರಲಿಲ್ಲ. ಸುಳ್ಳೇಕೆ ಹೇಳಲಿ, ನನ್ನ ತಲೆಗೂ ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಕಣ್ಣು ನಾನೇ ನೋಡಿಕೊಂಡೆ. ಮಕ್ಕಳಿಲ್ಲದವಳ ಕಣ್ಣಿನಲ್ಲಿ ಏನಾದರೂ ಇರಬಹುದೇನೋ ಎಂದು ನನಗೂ ಅನುಮಾನ ಬಂತು. ಆ ದಿನ ಅತ್ತಿದ್ದೆ.

ತಮ್ಮನ ಹೆಂಡತಿ ಬಹಳ ನಯವಾದ ಹೆಣ್ಣು. "ಅಕ್ಕಾರ, ಬರೂ ಮುಂದ ಒಂದು ಫೋನ್ ಹಚ್ಚ್ರಿ," ಎಂದಳು. ನನಗೆ ಹೋಳಿಗೆ ಮಾಡಲಿಕ್ಕಲ್ಲ, ಮಗಳ ಗಲ್ಲಕ್ಕೆ ಕಾಡಿಗೆಯ ಚುಕ್ಕೆ ಇಡಲಿಕ್ಕೆ.

ಸಂಕ್ರಾಂತಿಗೆ ಫೋನ್ ಮಾಡಿಯೇ ಹೋದೆ. ಮರುದಿನ ರವಿವಾರ, ಹುಡುಗಿ ಹೊಲದಲ್ಲೇ ಬಿದ್ದಳು. ಗಲ್ಲದ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಚುಕ್ಕೆ ಇತ್ತು. ವಾಂತಿ ನಿಲ್ಲಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು, ಕೈಕಾಲು ತಣ್ಣಗಾಗಿದ್ದವು. ನಮ್ಮವ್ವ ಮೆಣಸಿನಕಾಯಿ ಹುಡುಕುತ್ತಿರುವಾಗ ನಾನು ಹುಡುಗಿಯನ್ನು ಎತ್ತಿಕೊಂಡು ಸಿಕ್ಕ ಟಂಟಂ ಆಟೋ ಹತ್ತಿ, ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಡಾಕ್ಟರ ಬಳಿಗೆ ಬಂದೆ.

ವಯಸ್ಸಾದ ಡಾಕ್ಟರು. ನಾಲಿಗೆ ನೋಡಲಿಲ್ಲ, ಮೊದಲು ಕೈ ನೋಡಿದರು. ಬೆರಳಿಗೆಲ್ಲ ಕಪ್ಪು ಅಂಟು ಮೆತ್ತಿಕೊಂಡಿತ್ತು.

"ತಂಬಾಕ ಹೊಲದಾಗ ಇದ್ಳೇನ್ರಿ? ಎಲಿ ಹಸಿ ಇತ್ತು?"

"ಹೌದ್ರಿ."

"ಎಲಿಯಾಗಿನ ವಿಷ ನೀರಿನಾಗ ಕೂಡಿ ಚರ್ಮದಾಗ ಇಳಿತೈತ್ರಿ. ಬಾಯಾಗ ಹಾಕಬೇಕಂತಿಲ್ಲ. ಸಣ್ಣ ಮೈ, ಬೇಗ ಏರತೈತಿ. ಈಕಿನ್ನ ಆ ಹೊಲಕ್ಕ ಕಳಿಸಬ್ಯಾಡ್ರಿ."

ಸಲೈನ್ ಏರಿಸಿದರು. ಹುಡುಗಿಯ ಕೈಯನ್ನು ಸಾಬೂನು ಹಚ್ಚಿ ತೊಳೆಯುತ್ತ ಕೂತಿದ್ದ ನನಗೆ ಮೊದಲು ಬಂದದ್ದು ಸಮಾಧಾನ. ನನ್ನ ಕಣ್ಣಲ್ಲ! ಆಮೇಲೆ ನಾಚಿಕೆಯಾಯಿತು. ಮೂರು ತಿಂಗಳಿಂದ ಆ ಕೈ ನನ್ನ ಕಣ್ಣೆದುರಿಗೇ ಇತ್ತು.

ಹುಡುಗಿಯನ್ನು ಕರೆದುಕೊಂಡು ಹೋಗಿ ತಮ್ಮನಿಗೆ ಎಲ್ಲ ಹೇಳಿದೆ. ಅವನು ನಕ್ಕ. "ಬಾಯಾಗ ಇಟ್ಟಿಲ್ಲ, ಸೇದಿಲ್ಲ. ಮುಟ್ಟಿದ್ರ ಏರತೈತೇನಕ್ಕಾ? ಡಾಕ್ಟರಿಗೆ ಹೊಲದ್ದೇನ ಗೊತ್ತು?" ಎಂದ. ನಮ್ಮವ್ವ, "ನೆದರ ಬಿಡಿಸೂದು ಡಾಕ್ಟರ ಕಡಿಂದ ಆಗೂದಿಲ್ಲ," ಎಂದಳು. ನನ್ನ ಸಿಟ್ಟು ನೆತ್ತಿಗೇರಿತು.

"ಆತು. ನೆದರಾ ಅನ್ರಿ," ಎಂದೆ. "ನನ್ನ ಕಣ್ಣು ಅಷ್ಟು ಜೋರ ಐತಿ ಹೌದಿಲ್ಲ? ಇನ್ನೊಂದು ದಿನಾ ಈ ಹುಡುಗಿ ಹೊಲದಾಗ ಕಾಲಿಟ್ಟರ, ನಾ ಬದುವಿನ ಮ್ಯಾಲ ಬಂದು ಕುಂದರತೇನಿ. 'ನಮ್ಮ ತಮ್ಮನ ತಂಬಾಕ ಎಷ್ಟು ಚಂದ ಬಂದೈತಿ' ಅಂತ ಒಂದೊಂದು ಗಿಡಾ ನೋಡಿ ಹೊಗಳತೇನಿ."

ತಮ್ಮನ ಮುಖದ ನಗು ಹೋಯಿತು. ಮಗಳು ಐದು ಸಲ ಬಿದ್ದಾಗ ಇಳಿಯದ ಮುಖ ಅದು. "ಏ ಅಕ್ಕಾ, ಹಂಗ್ಯಾಕ ಮಾತಾಡ್ತಿ? ಬ್ಯಾಡ ಬಿಡು, ಕಳಸೂದಿಲ್ಲ," ಎಂದ.

ಡಾಕ್ಟರ ವಿದ್ಯೆಗೆ ಬಗ್ಗದವನು ನನ್ನ ಕಣ್ಣಿಗೆ ಬಗ್ಗಿದ. ಗೆದ್ದೆ ಎಂದುಕೊಂಡು ವಿಜಯಪುರಕ್ಕೆ ಬಂದು, ಆ ವಾರವೆಲ್ಲ ಹಾಡು ಗುನುಗುತ್ತ ಬಟ್ಟೆ ಹೊಲಿದೆ. ಮುಂದಿನ ರವಿವಾರ ಫೋನ್ ಮಾಡದೆಯೇ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಹುಡುಗಿ ಪಡಸಾಲೆಯಲ್ಲಿ ಕೂತು ಗಣಿತ ಮಾಡುತ್ತಿದ್ದಳು. ಕೈಗಳು ಬೆಳ್ಳಗಿದ್ದವು. ಮುದ್ದು ಮಾಡಿದೆ, ಬೇಕೆಂದೇ ಹೊಗಳಿದೆ. ಅವಳಿಗೆ ಏನೂ ಆಗಲಿಲ್ಲ.

"ಅತ್ತಿ, ನೀ ಹೊಲದ ಕಡೆ ಮಾತ್ರ ಹೋಗಬ್ಯಾಡಂತ," ಎಂದಳು.

"ಯಾಕ ಬೇ?"

"ಅಪ್ಪಾ ಹೇಳ್ಯಾನ."

ಹೋದೆ. ತಂಬಾಕಿನ ಸಾಲಿನಲ್ಲಿ ಐದು ಮಕ್ಕಳಿದ್ದರು, ಓಣಿಯ ಕೂಲಿಯವರ ಮಕ್ಕಳು. ಎಲ್ಲರ ಗಲ್ಲದ ಮೇಲೂ ಕಾಡಿಗೆಯ ದೊಡ್ಡ ಚುಕ್ಕೆ. ನನ್ನ ತಮ್ಮ ತಾನೇ ಎದ್ದು ಬೆಳಿಗ್ಗೆ ಐದೂ ಮಕ್ಕಳಿಗೆ ಇಟ್ಟಿದ್ದನಂತೆ. ನನ್ನಿಂದ ಅವರನ್ನು ಕಾಯಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ. ಅವನ ಮನಸ್ಸು ಕೆಟ್ಟದ್ದಲ್ಲ, ಅದೇ ನನಗೆ ತಡೆದುಕೊಳ್ಳಲಾಗದ್ದು.

ನನ್ನನ್ನು ಮೊದಲು ಕಂಡವಳು ಎಲ್ಲರಿಗಿಂತ ಸಣ್ಣವಳು, ಎಂಟು ವರ್ಷವಿರಬೇಕು. ಊರಿಗೆಲ್ಲ ನನ್ನ ಸುದ್ದಿ ಹಬ್ಬಿತ್ತಲ್ಲ! "ಬಂದ್ಳು!" ಎಂದು ಚೀರಿ, ಇಬ್ಬನಿಯಲ್ಲಿ ತೊಯ್ದು ಅಂಟು ಮೆತ್ತಿದ್ದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಕೈ ತಗೀ ಯವ್ವಾ, ಮಾರಿಗೆ ಹಚ್ಚಬ್ಯಾಡ," ಎಂದು ಕೂಗಿದೆ. ಅವಳು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಕರೆದಷ್ಟೂ ಒತ್ತಿಕೊಂಡಳು. ಆ ಹುಡುಗಿ ಕೈ ತೆಗೆಯಲಿ ಎಂದು ಕಡೆಗೆ ನಾನೇ ಬೆನ್ನು ತಿರುಗಿಸಿ ನಿಂತೆ.